ಧಾರೆ ಸೀರೆಯ ಲಂಗ

ಜನವರಿ 7, ಮಂಗಳವಾರ

ಬೆಳಿಗ್ಗೆ ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಟ್ಟೆ. ಪ್ಯಾಟರ್ನ್ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದು. ಹಾಳೆಗಳನ್ನು ಗಮ್ ಹಚ್ಚಿ ಜೋಡಿಸಿದರೆ ತೋಳು ಗೊಂಬೆಗೆ ಆಗೋ ಹಾಗಿದೆ. ಮತ್ತೆ ಗೆರೆ ಹಾಕಿ ದೊಡ್ಡದು ಮಾಡಿದೆ. ಬುಗ್ಗೆ ತೋಳಿನ ರವಿಕೆ, ಜರಿ ಅಂಚಿನ ಲಂಗ. ಲಾಸ್ಯಳ ಸ್ಕೂಲ್ ಡೇಗೆ. ಫ್ಯಾನ್ಸಿ ಡ್ರೆಸ್ಸಂತೆ — ‘ಅಜ್ಜಿ ಕಾಲದ ಉಡುಪು’. ಒಂಬತ್ತು ವರ್ಷದ ಮೊಮ್ಮಗಳು ಹೊಲಿದುಕೊಡು ಅಂತ ಕೇಳಿದ್ದು ಅಮ್ಮನನ್ನಲ್ಲ, ನನ್ನನ್ನು.

ಅಮ್ಮನಿಗೆ ಪುರುಸೊತ್ತೆಲ್ಲಿ? ನನ್ನ ಸೊಸೆ ಸಂಧ್ಯಾರಾಣಿ ಸಂತೇಬೆನ್ನೂರಿನ ತವರಲ್ಲಿ ಕೂತು ಇನ್ನೊಂದು ಮದುವೆಗೆ ರೆಡಿಯಾಗುತ್ತಿದ್ದಾಳೆ. ನನ್ನ ಮಗ ಪ್ರವೀಣ ತೀರಿಕೊಂಡು ಮೂರು ವರ್ಷ ತುಂಬಿಲ್ಲ. ಗಂಡು ಜಗಳೂರಿನವನು. ಅವನ ಹೆಸರು ಇಲ್ಲಿ ಬರೆಯಲ್ಲ.

ಜನವರಿ 9

ಬಟ್ಟೆ ಅಂಗಡಿಗೆ ಹೊರಟವಳು ವಾಪಸ್ ಬಂದು ಬೀರು ತೆಗೆದೆ. ಸಂಧ್ಯಾಳ ಧಾರೆ ಸೀರೆ ಇನ್ನೂ ಇಲ್ಲೇ ಇದೆ. ತವರಿಗೆ ಹೋಗುವಾಗ ಬಿಟ್ಟು ಹೋಗಿದ್ದು. ನೆಲದ ಮೇಲೆ ಹಾಸಿ ಪ್ಯಾಟರ್ನ್ ಇಟ್ಟು ಕತ್ತರಿ ಹಾಕಿದೆ. ನಿಜ ಹೇಳಬೇಕೆಂದರೆ ಖುಷಿಯಾಯಿತು.

ಇವರು ಬಾಗಿಲಲ್ಲೇ ನಿಂತುಬಿಟ್ಟರು. “ಅದು ಅವಳ ಸೀರೆ ಕಣೇ.”

“ತಂದಿದ್ದು ನಾವು. ಸೀರುಡಿಕೆ ಮಾಡ್ಕೊಂಡು ಇನ್ನೊಂದು ಮನೆಗೆ ಹೋಗೋಳು ಈ ಮನೇದು ಈ ಮನೇಲೇ ಬಿಟ್ಟು ಹೋಗ್ಬೇಕು. ಹಿಂದಿನಿಂದ ಹಂಗೇ ನಡ್ಕೊಂಡು ಬಂದೈತೆ. ಸೀರೆ, ಒಡವೆ, ಕೂಸು.”

“ಕೂಸು ಅಂದ್ರೆ ಸೀರೆ ಏನೇ?”

ಇವರು ಯಾವಾಗಲೂ ಸೊಸೆ ಪರ. ಊಟಕ್ಕೆ ಬಡಿಸಿದೆ.

ಲಾಸ್ಯ ಜಗಳೂರಿಗೆ ಹೋಗಬಾರದು. ಈ ಮನೆಗೆ ಬರಬೇಕು. ಬೇರೆ ಏನೂ ಬೇಡ ನನಗೆ. ಪ್ರವೀಣನದೇ ಮೂಗು, ಅವನದೇ ನಗು… ಅದನ್ನು ಯಾವನೋ ಒಬ್ಬ ‘ಮಗಳೇ’ ಅಂತ ಕರೆಯೋದು ನೆನೆಸಿಕೊಂಡರೆ ಮೈ ಉರಿಯುತ್ತೆ.

ಜನವರಿ 14, ಸಂಕ್ರಾಂತಿ

ಲಾಸ್ಯ ಬಂದಿದ್ದಳು. ಲಂಗ-ರವಿಕೆ ಹಾಕಿಸಿ ನೋಡಿದೆ. ಕಂಕುಳಲ್ಲಿ ಸ್ವಲ್ಪ ಬಿಗಿ, ಬಿಚ್ಚಿ ಹೊಲಿದರೆ ಸರಿಹೋಗುತ್ತೆ. ಕನ್ನಡಿ ಮುಂದೆ ಗಿರಗಿರ ತಿರುಗಿದ್ದೇ ತಿರುಗಿದ್ದು.

ಮೈಕಲ್ಲಿ ಉಡುಪಿನ ಬಗ್ಗೆ ಎರಡು ಮಾತು ಹೇಳಬೇಕಂತೆ. ಮಿಸ್ ಹೇಳಿದ್ದಾರೆ, ಮನೆಯಲ್ಲೇ ಕಲಿತು ಬನ್ನಿ ಅಂತ. ಕಲಿಸಿದೆ.

“ಇದು ನಮ್ಮಮ್ಮನ ಧಾರೆ ಸೀರೆ. ನಮ್ಮಪ್ಪ ಸತ್ತು ಹೋದರು. ಅಮ್ಮನಿಗೆ ಹೊಸ ಮದುವೆಗೆ ಹೊಸ ಸೀರೆ ಬರುತ್ತೆ. ಅದಕ್ಕೆ ಹಳೇದನ್ನು ಅಜ್ಜಿ ನನಗೆ ಹೊಲಿದಳು.”

“ಅಮ್ಮಂಗೆ ಇಷ್ಟ ಆಗ್ತೈತಾ ಅಜ್ಜಿ?”

“ಬಾಳ ಇಷ್ಟ ಆಗ್ತೈತೆ. ಮೊದ್ಲೇ ಹೇಳ್ಬ್ಯಾಡ ಮತ್ತೆ. ಸರ್‌ಪ್ರೈಸ್.”

ಎಳ್ಳು-ಬೆಲ್ಲ ತಿನ್ನುತ್ತಾ ಮನೆಯೆಲ್ಲಾ ಓಡಾಡಿ ಬಾಯಿಪಾಠ ಮಾಡಿದಳು. ಸ್ಕೂಲ್ ಡೇಗೆ ಜಗಳೂರಿನವರೂ ಬರುತ್ತಾರಂತೆ. ಬರಲಿ.

ಜನವರಿ 25, ಬೆಳಿಗ್ಗೆ

ನಿನ್ನೆ ಸ್ಕೂಲ್ ಡೇ ಆಯಿತು. ಸಂತೇಬೆನ್ನೂರಿಗೆ ಒಬ್ಬಳೇ ಹೋಗಿದ್ದೆ. ಇವರು ಬರಲ್ಲ ಅಂದರು.

ಬುಗ್ಗೆ ತೋಳು ನೋಡಿ ಜನ ಚಪ್ಪಾಳೆ ಹೊಡೆದರು. ಲಾಸ್ಯ ಒಂದಕ್ಷರ ತಡವರಿಸಲಿಲ್ಲ. ಮೊದಲ ಮಾತಿಗೆ ಯಾರೋ ನಕ್ಕರು. ‘ಹೊಸ ಮದುವೆ’ ಅನ್ನೋ ಹೊತ್ತಿಗೆ ಆ ನಗುವೂ ನಿಂತಿತು. ಜಗಳೂರಿನವನ ತಾಯಿ ಸೆರಗು ಹೊದ್ದು ಎದ್ದಳು. ಹಿಂದೆಯೇ ಅವನೂ ಎದ್ದ. ಸಂಧ್ಯಾ ಕೂತಲ್ಲೇ ಮುಖ ಮುಚ್ಚಿಕೊಂಡಳು.

ಲಾಸ್ಯ ಸ್ಟೇಜ್ ಮೇಲೆ ಇನ್ನೂ ನಗುತ್ತಾ ನಿಂತಿದ್ದಳು, ಅಮ್ಮನನ್ನೇ ನೋಡುತ್ತಾ. ನಗು ಆಮೇಲೆ ಹೋಯಿತು. ನಾನೊಬ್ಬಳೇ ಚಪ್ಪಾಳೆ ತಟ್ಟಿದೆ.

ಗೇಟಿನ ಹತ್ತಿರ ಸಂಧ್ಯಾ ಸಿಕ್ಕಳು. “ನನ್ನ ಬೈಯ್ಯಬೇಕಿದ್ರೆ ನನ್ನನ್ನೇ ಬೈಯ್ಯಬೋದಿತ್ತಲ್ರಿ ಅತ್ತೆ. ಅದರ ಬಾಯಲ್ಲಿ ಯಾಕೆ ಹೇಳಿಸಿದ್ರಿ?”

“ಸುಳ್ಳೇನಾದ್ರೂ ಹೇಳ್ತಾ?” ಅಂದೆ.

ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಜನವರಿ 30

ಜಗಳೂರಿನವರು ಸಂಬಂಧ ಬೇಡ ಅಂದರಂತೆ. ಹಾಲು ಜಾಸ್ತಿ ಹಾಕಿ ಶಾವಿಗೆ ಪಾಯಸ ಮಾಡಿದೆ. ಇವರು ಮುಟ್ಟಲಿಲ್ಲ. ನಾನೇ ಎರಡು ಲೋಟ ಕುಡಿದೆ.

ಫೆಬ್ರವರಿ 2

ಲಾಸ್ಯಳ ಫೋನ್. ಪಿಸುಮಾತಲ್ಲಿ.

“ಅಜ್ಜಿ, ನಾನು ತಪ್ಪು ಹೇಳಿದ್ನಾ? ಅಮ್ಮ ಊಟಾನೇ ಮಾಡ್ತಿಲ್ಲ.”

ಏನು ಹೇಳೋದು? ಸರಿಯಾಗಿ ಹೇಳಿದೆ ಅಂದರೆ, ಮತ್ತೆ ತಪ್ಪು ಯಾರದು ಅಂತ ಕೇಳುತ್ತಾಳೆ. ಈಗಲ್ಲದಿದ್ದರೆ ದೊಡ್ಡವಳಾದ ಮೇಲೆ. ಹೆದರಿಕೆಯಾಯಿತು. ಇವಳೂ ನನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ?

“ಹೂಂ ಪುಟ್ಟಿ. ಕಡೇ ಮಾತು ತಪ್ಪು ಹೇಳ್ದೆ. ನಾನು ಹಂಗೆ ಹೇಳ್ಕೊಟ್ಟಿರಲಿಲ್ಲ. ಇರ್ಲಿ ಬಿಡು.”

“ಸರಿಯಾಗೇ ಕಲ್ತಿದ್ದೆ ಅಜ್ಜಿ…” ಅಂದಳು. ಕಟ್ ಆಯಿತು.

ಇವರು ಪೇಪರ್ ಮಡಚಿಟ್ಟರು. “ಸಂಧ್ಯಾ ಮೇಲೆ ಸಿಟ್ಟಿತ್ತು, ಆಯ್ತು. ಆ ಕೂಸು ನಿನಗೇನು ಮಾಡಿತ್ತೇ?”

ಹಿತ್ತಿಲಿಗೆ ಹೋಗಿ ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ.

ಫೆಬ್ರವರಿ 23, ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಲಾಸ್ಯಳ ಫೋನಿಲ್ಲ. ಇವತ್ತು ನಾನೇ ಮಾಡಿದೆ. ಸಂಧ್ಯಾ ಎತ್ತಿದಳು.

“ಲಾಸ್ಯಂಗೆ ಕೊಡು. ಬರೋ ವರ್ಷ ಇಲ್ಲೇ ಹೊನ್ನಾಳಿ ಸ್ಕೂಲಿಗೆ ಸೇರಿಸೋಣ ಅಂತ” ಅಂದೆ.

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಸುಸ್ತಿತ್ತು. “ಅವಳು ಮಾತಾಡ್ತಿಲ್ಲ ಅತ್ತೆ. ಸ್ಕೂಲಲ್ಲೂ ಇಲ್ಲ, ನನ್ನ ಹತ್ರಾನೂ ಇಲ್ಲ. ಏನು ಕೇಳಿದ್ರೂ ಎರಡೂ ಕೈ ಬಾಯಿಗೆ ಒತ್ಕೊಂತಾಳೆ. ಪೆನ್ನು ಕೊಟ್ರೆ ‘ತಪ್ಪು ಹೇಳಿಬಿಡ್ತೀನಿ’ ಅಂತ ಬರೀತಾಳೆ. ಯಾರಾದ್ರೂ ಏನಾದ್ರೂ ಅಂದ್ರಾ ಅಂತ ಡಾಕ್ಟ್ರು ಕೇಳ್ತಾರೆ… ನೀವೇನಾದ್ರೂ ಅಂದಿದ್ರಾ?”

ಇವರು ಎದುರಿಗೇ ಕೂತಿದ್ದರು. ನನ್ನ ಮುಖವನ್ನೇ ನೋಡುತ್ತಿದ್ದರು.

“ನಾನ್ಯಾಕೆ ಅನ್ಲಿ? ನಾನೇನೂ ಅಂದಿಲ್ಲ” ಅಂದೆ.

ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಸಂಧ್ಯಾ ಹೇಳಿದಳು. “ಸ್ಪೀಕರ್ ಹಾಕಿದ್ದೆ ಅತ್ತೆ. ಲಾಸ್ಯ ನನ್ನ ಪಕ್ಕದಾಗೇ ಕೂತಿದ್ಲು. ಈಗ ಎದ್ದು ಒಳಗೆ ಹೋದ್ಲು.”

ಮೊದಲೇ ಹೇಳಬಾರದಿತ್ತಾ? ಅಲ್ಲಿದ್ದಾಳೆ ಅಂತ ಗೊತ್ತಿದ್ದರೆ ನಾನು ನಿಜ ಹೇಳುತ್ತಿದ್ದೆನಾ…