ದಿಂಬನ್ನು ಒದ್ದ ಕಾಲು

ಕಿಲ್‌ಬರ್ನ್, ಲಂಡನ್
11 ಫೆಬ್ರವರಿ 1973, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಆ ಊರಿನ ಬಿಸಿಲಿಗಾದರೂ ಕರಗಿತೋ, ಇಲ್ಲ ನಿನ್ನ ಹಾಗೆ ಅದೂ ಹಟ ಹಿಡಿದು ಕೂತಿದೆಯೋ? ಅಡಿಲೇಡಿನಲ್ಲಿ ಫೆಬ್ರವರಿ ಎಂದರೆ ಬೆವರು ಎಂದು ಮೊರೀನಕ್ಕ ಬರೆದಿದ್ದಾಳೆ. ಇಲ್ಲಿ ನಮ್ಮ ಬಚ್ಚಲ ಕಿಟಕಿಗೆ ಒಳಗಡೆಯೇ ಹಿಮ ಕಟ್ಟಿದೆ. ನಿನ್ನ ಸೊಸೆ ಬೆರಿಲ್ ಕೋಟು ಹಾಕಿಕೊಂಡೇ ಹಲ್ಲುಜ್ಜುತ್ತಾಳೆ. ಅದು ಬಿಟ್ಟರೆ ಇಬ್ಬರೂ ಕ್ಷೇಮ. ಅವಳ ಕೆಮ್ಮು ಹೋಯಿತು, ನನ್ನ ಕೂದಲೂ ಜೊತೆಗೇ ಹೊರಟಿದೆ.

ನಿನ್ನ ತಂತಿ ತಲುಪಿತು. ಗಿಟಾರಿನ ಆರು ತಂತಿಯ ಮೇಲೆ ಬದುಕುವವನಿಗೆ ಏಳನೆಯದು ಕಳಿಸಿದ್ದೀಯ. ‘ಮಾರ್ಚಿ ಹಡಗಿನಲ್ಲಿ ಜಾಗ ಹಿಡಿದಿದೆ, ಬರುತ್ತೀಯೋ ಇಲ್ಲವೋ ತಿಳಿಸು, ತಾಯಿ.’ ಈ ಕೊನೆಯ ಪದದ ಅಗತ್ಯವಿತ್ತೇ ಅಮ್ಮಾ? ಇಷ್ಟು ಗದರುವ ಬೇರೆ ಯಾರನ್ನು ನಾನು ಬಲ್ಲೆ? ಭಾವ ತಮ್ಮ ಅಂಗಡಿಯಲ್ಲಿ ಆರ್ಗನ್ ಮಾರುವ ಕೆಲಸ ಇಟ್ಟುಕೊಂಡು ಕಾಯುತ್ತಿದ್ದಾರೆ, ಗಿರಾಕಿಗಳೆದುರು ನಾಲ್ಕು ಹಾಡು ನುಡಿಸಿದರೆ ಸಾಕು, ಸಂಜೆ ಆರಕ್ಕೆ ಮನೆ, ಭಾನುವಾರ ರಜೆ, ಎಲ್ಲವೂ ನೆನಪಿದೆ. ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಕಳೆದ ಮಂಗಳವಾರ ನಡೆದದ್ದನ್ನು ಹೇಳಬೇಕು. ರಾಗ ಎಳೆಯುತ್ತಾನೆ ಎನ್ನಬೇಡ. ರಾಗ ಎಳೆದೇ ಅಲ್ಲವೇ ನಾನು ಇಷ್ಟು ದಿನ ಹೊಟ್ಟೆ ಹೊರೆದದ್ದು.

ನಿನ್ನ ದೂರು ನನಗೆ ಬಾಯಿಪಾಠ. ‘ಎಲ್ಲಾ ವಾದ್ಯ ಬರುತ್ತೆ, ಒಂದು ಉದ್ಯೋಗ ಬರಲ್ಲ.’ ಗಿಟಾರ್, ಬೇಸ್, ಆರ್ಗನ್, ಮ್ಯಾಂಡೊಲಿನ್, ಮೌತ್ ಆರ್ಗನ್, ಯಾರೂ ಬಾರದ ದಿನ ಗಂಟೆ ಬಾರಿಸುವುದೂ ನಾನೇ. ಬೆಳಿಗ್ಗೆ ಸೋಪಿನ ಜಾಹೀರಾತು, ಮಧ್ಯಾಹ್ನ ವಿರಹದ ಹಾಡು, ಸಂಜೆ ರಾಕ್; ಮೂರಕ್ಕೂ ಒಂದೇ ಕಾರ್ಡಿಗನ್. ನಾನು ನುಡಿಸಿದ ಒಂದೊಂದು ರೆಕಾರ್ಡನ್ನೂ ನಿನಗೆ ಕಳಿಸಿದೆ. ನೀನು ಕನ್ನಡಕ ಹಾಕಿಕೊಂಡು ಕವರನ್ನು ಹಿಂದೆ ಮುಂದೆ ಹುಡುಕಿ ಪ್ರತಿ ಸಲವೂ ಅದನ್ನೇ ಬರೆದೆ: ‘ಇದ್ರಲ್ಲಿ ನೀನೆಲ್ಲಿದ್ದೀಯೋ, ವಿಲ್ಫ್?’ ನೀನು ಇಲ್ಲಿದ್ದಾಗ ಡೆಪ್ಟ್‌ಫರ್ಡಿನ ನೆರೆಯವರಿಗೆಲ್ಲ ಮಗ ಕರೆಂಟಿನ ಕೆಲಸದಲ್ಲಿದ್ದಾನೆ ಎಂದು ಹೇಳಿಟ್ಟಿದ್ದೆಯಂತೆ. ಎಲೆಕ್ಟ್ರಿಕ್ ಗಿಟಾರಿನವನಿಗೆ ಅದೂ ಅರ್ಧ ಸತ್ಯವೇ.

ಈಗ ನನ್ನ ಎಡಗಾಲಿನ ವಿಷಯ. ನುಡಿಸುವಾಗ ಅದು ನೆಲ ಕುಟ್ಟುತ್ತದೆ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಊಟದ ಮೇಜಿನ ಕೆಳಗೂ ಕುಟ್ಟುತ್ತಿತ್ತು, ‘ಕಾಲು ಸುಮ್ನಿರ್ಲಿ, ಟೀ ಚೆಲ್ಲುತ್ತೆ’ ಎಂದು ನೀನು ಚಮಚದಲ್ಲಿ ಮಂಡಿಗೆ ಬಿಡುತ್ತಿದ್ದೆ. ಆ ಕಾಲನ್ನು ಹೊಗಳಿದವನು ಈ ಭೂಮಿಯ ಮೇಲೆ ಒಬ್ಬನೇ. ಮಿಸಿಸಿಪ್ಪಿಯಿಂದ ಬಂದಿದ್ದ ಓಬಿ ಟ್ರೆಡ್‌ವೆಲ್ ಎಂಬ, ಬ್ಲೂಸ್ ಹಾಡುವ ಮುದುಕ. ನಾನಾಗ ಚಿತ್ರಕಲಾ ಕಾಲೇಜಿಗೆ ಚಕ್ಕರ್ ಹೊಡೆದು ಅವನ ಹಿಂದೆ ಊರೂರು ನುಡಿಸುತ್ತಾ ತಿರುಗುತ್ತಿದ್ದೆ. ಅವನು ಮನಸ್ಸು ಬಂದಲ್ಲಿ ಸಾಲು ಮುರಿಯುತ್ತಿದ್ದ, ಮನಸ್ಸು ಬಂದಾಗ ಮುಂದಿನದಕ್ಕೆ ಹಾರುತ್ತಿದ್ದ. ಹಿಂದಿರುವವರು ಹಳ್ಳಕ್ಕೆ ಬೀಳುತ್ತಿದ್ದೆವು. ಕೊನೆಗೆ ನನ್ನನ್ನು ಕರೆದು, ‘ನನ್ ಮುಖ ಯಾಕೋ ನೋಡ್ತೀಯ, ಅದ್ರಲ್ಲೇನೂ ಇಲ್ಲ. ಕಾಲು ನೋಡು. ಸುಳ್ಳು ಹೇಳೋಕೆ ಬರದೇ ಇರೋದು ಅದಕ್ಕೊಂದಕ್ಕೇ’ ಎಂದ. ಮತ್ತೆ ನನ್ನ ಕಾಲನ್ನು ನೋಡಿ, ‘ಇದನ್ನ ಕಟ್ಟಿಹಾಕೋಕೆ ಯಾರಿಗೂ ಬಿಡ್ಬೇಡ’ ಎಂದ.

ಕಟ್ಟಿಹಾಕಿದರು. ಸ್ಟುಡಿಯೋದ ಮೈಕಿಗೆ ಕಾಲಿನ ಸದ್ದು ಬೀಳಬಾರದು ನೋಡು. ಡೂಗಲ್ ಎಂಬ ರೆಕಾರ್ಡಿಂಗಿನವನು, ಗ್ಲಾಸ್ಗೋದ ಒಳ್ಳೆಯ ಮನುಷ್ಯ, ಒಂದು ದಿಂಬು ತಂದು ನನ್ನ ಪಾದದಡಿ ಇಟ್ಟ. ಯಾರೂ ಎತ್ತಿಕೊಂಡು ಹೋಗದಿರಲಿ ಎಂದು ಅದರ ಮೇಲೆ ಇಂಕಿನಲ್ಲಿ ‘ವಿಲ್ಫ್ ಗ್ಯಾಮನ್’ ಎಂದು ಬರೆದ. ಈ ಲಂಡನ್ನಿನ ಸಂಗೀತದ ವ್ಯಾಪಾರದಲ್ಲಿ ನನ್ನ ಹೆಸರು ಬರೆದಿರುವ ವಸ್ತು ಅದೊಂದೇ. ಅದನ್ನೂ ನಾನೇ ತುಳಿಯುತ್ತಿದ್ದೆ.

ಈ ಚಳಿಗಾಲ ಲವ್‌ಲಾಕ್ ಎಂಬ ಮ್ಯಾನೇಜರಿನ ಹುಡುಗರ ತಂಡಕ್ಕೆ ಒಂದು ರೆಕಾರ್ಡು ಮಾಡಿದೆ. ಹುಡುಗರಿಗೆ ಬೆಳ್ಳಿ ಬಣ್ಣದ ಬೂಟು, ಕೆನ್ನೆಗೆ ಮಿಂಚು. ಮುಂದೆ ನಿಲ್ಲುವವನ ಹೆಸರು ಲ್ಯಾನ್ಸ್ ಸ್ಟರ್ಲಿಂಗ್. ಅವನ ಅಮ್ಮ ಕರೆಯುವುದು ನಾರ್ಮನ್ ಎಂದು. ಪಾಪದವನು, ದನಿ ಚೆನ್ನಾಗಿದೆ, ಗಿಟಾರ್ ಮಾತ್ರ ನೆಂಟರ ಕೂಸಿನ ಹಾಗೆ ಹಿಡಿಯುತ್ತಾನೆ. ಅವನ ದನಿ, ಇನ್ನೊಬ್ಬನ ಡ್ರಮ್ಸ್ ಬಿಟ್ಟರೆ ಆ ರೆಕಾರ್ಡಿನಲ್ಲಿ ಉಳಿದದ್ದೆಲ್ಲ ನಾನೇ. ಕವರಿನ ಮೇಲೆ ಹೆಸರು ಮಾತ್ರ ಹುಡುಗರದು. ಅದು ಜನಕ್ಕೆ ಹಿಡಿಸಿತು. ಗುರುವಾರದ ಟಿವಿ ಕಾರ್ಯಕ್ರಮಕ್ಕೆ ಕರೆ ಬಂತು.

ಅಲ್ಲಿಗೆ ಹೋಗುವವರಿಗೆ ನಮ್ಮ ವಾದ್ಯಗಾರರ ಸಂಘದ ಕಟ್ಟಳೆ ಒಂದಿದೆ. ಅಂಗಡಿಯಲ್ಲಿ ಸಿಗುವ ರೆಕಾರ್ಡು ಹಾಕಿ ಬಾಯಿ ಆಡಿಸುವಂತಿಲ್ಲ. ಅದರಲ್ಲಿ ನುಡಿಸಿದವರೇ ಮೂರು ಗಂಟೆಯಲ್ಲಿ ಹೊಸದಾಗಿ ನುಡಿಸಿ ಟೇಪು ಮಾಡಬೇಕು, ಸಂಘದ ಮನುಷ್ಯ ಕೂತು ನೋಡಬೇಕು. ಟಿವಿಯಲ್ಲಿ ಆ ಟೇಪಿಗೇ ಬಾಯಿ ಆಡಿಸಬೇಕು. ಇದು ಕಟ್ಟಳೆ. ರೂಢಿ ಬೇರೆ. ಸ್ವಲ್ಪ ಹೊತ್ತು ಶ್ರುತಿ ಮಾಡುವ ನಾಟಕ, ಆಮೇಲೆ ಸಂಘದ ಮನುಷ್ಯನನ್ನು ಮೂಲೆಯ ಪಬ್ಬಿಗೆ ಕರೆದೊಯ್ಯುವುದು, ಅವನು ಮೀಸೆಯ ನೊರೆ ಒರೆಸಿಕೊಂಡು ಬರುವಷ್ಟರಲ್ಲಿ ಹಳೆಯ ಟೇಪೇ ಹೊಸ ಡಬ್ಬಿಯಲ್ಲಿ ತಯಾರು. ಅವನಿಗೂ ಗೊತ್ತು, ನಮಗೂ ಗೊತ್ತು, ಎಲ್ಲರೂ ಸಭ್ಯರು.

ಮಂಗಳವಾರ ಬಂದದ್ದು ಹೊಸಬರು, ಪ್ರೋಬರ್ಟ್ ಎಂಬ ವೇಲ್ಸಿನವರು. ಲವ್‌ಲಾಕ್ ಕೈ ಉಜ್ಜಿಕೊಂಡು, ‘ಗಂಟ್ಲು ಒಣಗಿರ್ಬೇಕಲ್ಲ ಸಾರ್, ಮೂಲೇಲಿ ಒಳ್ಳೆ ಪಬ್ಬಿದೆ’ ಎಂದ. ‘ಹುಟ್ಟಿದಾಗಿಂದ ಮುಟ್ಟಿಲ್ಲ. ನಮ್ದು ಚಾಪೆಲ್ ಮನೆತನ, ಪ್ರಾರ್ಥನೆ ಉಂಟು, ಕುಡಿತ ಇಲ್ಲ. ಫ್ಲಾಸ್ಕಲ್ಲಿ ಟೀ ಇದೆ’ ಎಂದರು ಪ್ರೋಬರ್ಟ್. ಊಟಕ್ಕಾದರೂ ಬನ್ನಿ ಎಂದರೆ ಚೀಲದಿಂದ ಮೊಟ್ಟೆಯ ಸ್ಯಾಂಡ್‌ವಿಚ್ ತೆಗೆದು ಮಂಡಿಯ ಮೇಲಿಟ್ಟುಕೊಂಡರು. ಹೊರಗಿನ ಗಾಳಿಗಾದರೂ ಎಂದರೆ, ‘ಬೆಳಗ್ಗೆನೇ ಬೇಕಾದಷ್ಟು ನಡೆದು ಬಂದಿದೀನಿ. ನೀವು ಶುರು ಮಾಡಿ’ ಎಂದರು. ನಿನ್ನನ್ನೇ ಗಂಡಸಿನ ವೇಷದಲ್ಲಿ ನೋಡಿದಂತಾಯಿತು, ಅಮ್ಮಾ.

ಲವ್‌ಲಾಕ್ ನನ್ನ ಹತ್ತಿರ ನುಸುಳಿ ಬಂದ. ಸದ್ದು ತಡೆಯಲು ಸ್ಟುಡಿಯೋದಲ್ಲಿ ಆಳೆತ್ತರದ ದಪ್ಪ ಅಡ್ಡಪರದೆಗಳಿರುತ್ತವೆ. ಅದರತ್ತ ಕಣ್ಣು ಮಾಡಿ, ‘ಪುಣ್ಯಾತ್ಮ, ಅದರ ಹಿಂದೆ ಕೂತು ನುಡಿಸ್ಬಿಡು. ನಾರ್ಮನ್ ಮುಂದೆ ಬೆರಳು ಆಡಿಸ್ತಾನೆ. ಉಸಿರು ಬಿಡ್ಬೇಡ’ ಎಂದ. ‘ಉಸಿರು ಬಿಡ್ದೇ ಇರೋಕೆ ನಾನೇನ್ ಪಿಯಾನೋನಾ?’ ಎಂದು ಗೊಣಗುತ್ತಲೇ ಹೋಗಿ ಕೂತೆ. ಇಷ್ಟು ವರ್ಷ ಕೂತವನಿಗೆ ಪರದೆ ಹೊಸದೇ? ಲೋಹದ ಮೈಯ ಗಿಟಾರ್ ಮಡಿಲಿಗೆ, ಮೈಕು ಎದೆಯ ಹತ್ತಿರ, ದಿಂಬು ಕಾಲಡಿಗೆ. ಡೂಗಲ್ ಗಾಜಿನಾಚೆಯ ಕೋಣೆಯ ಮಾತು ನಮಗೆ ಕೇಳಿಸುವ ಗುಂಡಿಯನ್ನು ಆರಿಸಲು ಮರೆತಿದ್ದ. ಹೆಡ್‌ಫೋನಿನಲ್ಲಿ ಎಲ್ಲ ಕಿವಿಗೆ ಬೀಳುತ್ತಿತ್ತು. ಆ ಕೋಣೆಯಲ್ಲಿ ಕೂತಿದ್ದ ಪ್ರೋಬರ್ಟ್ ಸ್ಯಾಂಡ್‌ವಿಚ್ ಅಗಿಯುತ್ತಾ, ‘ಆ ಪರದೆ ಹಿಂದೆ ಯಾರಿದಾರೆ?’ ಎಂದು ಕೇಳಿದರು.

‘ಯಾರೂ ಇಲ್ಲ ಸಾರ್. ಬರೀ ಸಾಮಾನು’ ಎಂದ ಲವ್‌ಲಾಕ್.

ಸಾಮಾನ್ಯ ಎಂದಿದ್ದರೂ ಸಹಿಸುತ್ತಿದ್ದೆ. ಒಂದು ಒತ್ತು ಕಿತ್ತು ಕೊಂಬು ಸಿಕ್ಕಿಸಿ ಸಾಮಾನು ಮಾಡಿಬಿಟ್ಟ. ಅಮ್ಮಾ, ನನಗೆ ತಾಳ ತಪ್ಪಿದ್ದು ಎಂದೂ ಇಲ್ಲ. ಆವತ್ತು ತಪ್ಪಿದ್ದು ತಾಳ್ಮೆ. ನಿನ್ನ ಕಾಗದಗಳೆಲ್ಲ ಒಟ್ಟಿಗೆ ನೆನಪಾದವು. ನೀನೆಲ್ಲಿದ್ದೀಯೋ, ನೀನೆಲ್ಲಿದ್ದೀಯೋ. ನಾರ್ಮನ್ ಡ್ರಮ್ಸಿನವನಿಗೆ ತಲೆಯಾಡಿಸಿದ, ಡ್ರಮ್ಸಿನವನು ಕೋಲೆತ್ತಿದ, ನಾನು ನನ್ನ ಹೆಸರು ಬರೆದ ದಿಂಬನ್ನು ಗೋಡೆಯ ತನಕ ಒದ್ದೆ.

ಆಮೇಲೆ ನುಡಿಸಿದೆ ನೋಡು. ಓಬಿ ಮುದುಕ ಎದ್ದು ಬಂದು ಪಕ್ಕದಲ್ಲಿ ಕೂತನೇನೋ ಎನ್ನುವ ಹಾಗೆ. ಹಲಗೆಯ ನೆಲಕ್ಕೆ ಹಿಮ್ಮಡಿ ಬೀಳುತ್ತಿತ್ತು, ಟಕ್, ಟಕ್, ಯಾವ ಮೈಕಿಗೂ ಹೆದರದೆ. ಡ್ರಮ್ಸಿನ ಹುಡುಗ ಮೊದಲು ಬೆಚ್ಚಿದ, ಎರಡನೆಯ ಚರಣಕ್ಕೆ ನಗುತ್ತಾ ನನ್ನ ಕಾಲಿಗೇ ಜೊತೆಯಾದ. ಹಾಡು ಮುಗಿಯಿತು. ಪ್ರೋಬರ್ಟ್ ಬಾಯಿ ಒರೆಸಿಕೊಂಡು ಮೈಕಿನಲ್ಲಿ ಹೇಳಿದರು: ‘ಗಿಟಾರ್ ಚೆನ್ನಾಗಿತ್ತು. ಕಾಲು ಇನ್ನೂ ಚೆನ್ನಾಗಿತ್ತು. ಆದ್ರೆ ಈ ಬೆಳ್ಳಿ ಬೂಟಿನ ತಮ್ಮ ನಿಂತಲ್ಲಿಂದ ಅಲ್ಲಾಡ್ಲೇ ಇಲ್ವಲ್ಲ. ಯಾರದಪ್ಪಾ ಆ ಕಾಲು?’

ಎದ್ದು ಪರದೆಯಿಂದ ಈಚೆ ಬಂದೆ. ‘ನಂದು ಸಾರ್. ಕಾಲೂ ನಂದು, ಕೈಯೂ ನಂದು. ರೆಕಾರ್ಡಲ್ಲಿ ಇರೋದೂ ಇವೇ’ ಎಂದೆ. ನಾರ್ಮನ್ ಗಿಟಾರನ್ನು ಕೆಳಗಿಟ್ಟು, ‘ಸದ್ಯ, ಬೆರಳು ಸೋತುಹೋಗಿತ್ತು’ ಎಂದು ನೆಲದ ಮೇಲೆ ಕೂತುಬಿಟ್ಟ. ಪ್ರೋಬರ್ಟ್ ಕೂಗಾಡಲಿಲ್ಲ. ನುಡಿಸಿದವರು ಯಾರೋ ಟಿವಿಯಲ್ಲಿ ನಿಲ್ಲುವವರೂ ಅವರೇ, ಇಲ್ಲದಿದ್ದರೆ ಯಾರೂ ಇಲ್ಲ ಎಂದು ಹೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಲವ್‌ಲಾಕ್ ಮಾತ್ರ ಬಾಗಿಲ ಹತ್ತಿರ ನನ್ನ ಕಾಲರ್ ಸರಿಮಾಡುವವನ ಹಾಗೆ ಬಗ್ಗಿ, ‘ಇನ್ಮೇಲೆ ನಿನ್ ಮನೆ ಫೋನು ಅಲಂಕಾರಕ್ಕೆ ಇಟ್ಕೋ, ಮೇಲೊಂದು ಹೂದಾನಿ ಇಡು’ ಎಂದ.

ಗುರುವಾರ ಟಿವಿಯಲ್ಲಿ ಬಂದೆ. ಬೆಳ್ಳಿಯ ಅಂಗಿ ಕೊಟ್ಟರು, ಒಲ್ಲೆ ಎಂದೆ. ಕಂದು ಕಾರ್ಡಿಗನ್ನಿನಲ್ಲೇ ಕೂತೆ. ಕ್ಯಾಮೆರಾದವನಿಗೆ ಲವ್‌ಲಾಕ್ ಏನು ಹೇಳಿದ್ದನೋ, ದೇಶಕ್ಕೆಲ್ಲ ಕಂಡದ್ದು ನನ್ನ ಮೊಣಕೈ. ಮೀನು ಕರಿಯುವ ಅಂಗಡಿಯ ಮಿಸೆಸ್ ಡೂಲನ್ ಪೊಟ್ಟಣ ಕಟ್ಟುತ್ತಾ, ‘ನಿನ್ನೆ ಟಿವೀಲಿ ಒಂದು ಮೊಣಕೈ ನೋಡ್ದೆ. ತೇಪೆ ನೋಡಿ ನಿಮ್ದೇ ಅಂದ್ಕೊಂಡೆ’ ಎಂದು ಒಂದು ಮೀನು ಜಾಸ್ತಿ ಹಾಕಿದಳು.

ಆದರೆ ಲವ್‌ಲಾಕ್ ಹೇಳಿದ್ದು ಸುಳ್ಳಾಗಲಿಲ್ಲ. ನಮ್ಮ ಕಸುಬಿನ ನೀತಿ ನಿನಗೆ ಗೊತ್ತು: ಕರೆದಾಗ ಬಾ, ಕೇಳಿದ್ದು ನುಡಿಸು, ಕಂಡದ್ದು ಮರೆ. ಮೂರನೆಯದನ್ನು ಮುರಿದವನನ್ನು ಮೊದಲನೆಯದಕ್ಕೆ ಯಾರೂ ಕರೆಯುವುದಿಲ್ಲ. ಒಪ್ಪಿಕೊಂಡಿದ್ದ ಕೆಲಸಗಳೂ ಒಂದೊಂದಾಗಿ ನೆಗಡಿ ಬಂದು ಮಲಗಿದವು. ಬೆರಿಲ್ ಆಗಾಗ ಫೋನೆತ್ತಿ ಜೀವವಿದೆಯೇ ಎಂದು ನೋಡಿ ಇಡುತ್ತಾಳೆ. ‘ಭಯ ಆಗುತ್ತಾ?’ ಎಂದು ಕೇಳಿದೆ. ‘ಸಾಮಾನಿನ ಹೆಂಡ್ತಿಯಾಗಿರೋದಕ್ಕಿಂತ ವಾಸಿ’ ಎಂದಳು. ಇವಳನ್ನು ತಂದುಕೊಂಡಾಗ ನೀನು ಮುಖ ಊದಿಸಿದ್ದು ನೆನಪಿದೆಯೇ?

ನಿನ್ನೆ ಕೊನೆಗೂ ಫೋನು ಬಾರಿಸಿತು. ಇಬ್ಬರೂ ಓಡಿದೆವು. ಪ್ರೋಬರ್ಟ್. ‘ನಮ್ಮ ಚಾಪೆಲ್ಲಿನ ಆರ್ಗನ್ನಮ್ಮ ಮಣಿಕಟ್ಟು ಮುರ್ಕೊಂಡಿದಾರೆ. ನಿಮಗೆ ಆರ್ಗನ್ನೂ ಬರುತ್ತಂತೆ. ಕೊಡೋಕೆ ಟೀ ಮತ್ತು ಕೇಕ್ ಬಿಟ್ರೆ ಏನಿಲ್ಲ’ ಎಂದರು. ಇವತ್ತು ಬೆಳಿಗ್ಗೆ ಹೋಗಿ ನುಡಿಸಿದೆ. ದೊಡ್ಡ ಕೊಳವೆಯ ಆರ್ಗನ್, ಅಮ್ಮಾ. ಅದರಲ್ಲಿ ಕಾಲಿಗೂ ಮನೆಗಳಿವೆ, ಕಾಲಿಗೂ ಸ್ವರಗಳಿವೆ. ಅಲ್ಲಿ ದಿಂಬು ಯಾರ ತಲೆಗೂ ಹೊಳೆದಿಲ್ಲ. ನಲವತ್ತರ ಹೊಸ್ತಿಲಲ್ಲಿ ನಿನ್ನ ಮಗ ಚಾಪೆಲ್ಲಿಗೆ ಹೋದ. ಅದೂ ಬ್ಲೂಸ್ ಮುದುಕನ ಕಾಲು ಹಿಡಿದುಕೊಂಡು.

ಮೊರೀನಕ್ಕನಿಗೆ ಅಪ್ಪುಗೆ, ಭಾವನಿಗೆ ನಮಸ್ಕಾರ, ಅವರ ಅಂಗಡಿಯ ಆರ್ಗನ್ನುಗಳಿಗೆ ಒಳ್ಳೆಯ ಮನೆ ಸಿಗಲಿ. ಬಿಸಿಲಿಗೆ ಟೋಪಿ ಇಲ್ಲದೆ ಹೋಗಬೇಡ. ಬೆರಿಲ್ ನಿನ್ನ ಕೆನ್ನೆಗೊಂದು ಮುತ್ತು ಕಳಿಸಿದ್ದಾಳೆ, ಹಳೆಯ ಊತಕ್ಕೆ ಮದ್ದು ಎನ್ನುತ್ತಾಳೆ.

ನಿನ್ನ ಮಗ,
ವಿಲ್ಫ್

ಮರೆತ ಮಾತು: ಬೆರಿಲ್ ಹಿಂದೆ ನಿಂತು ಓದಿ, ‘ಕೇಳಿದ್ದಕ್ಕೆ ಉತ್ತರವೇ ಬರೆದಿಲ್ವಲ್ಲ’ ಎನ್ನುತ್ತಿದ್ದಾಳೆ. ನಾನು ಬರುವುದಿಲ್ಲ, ಅಮ್ಮಾ. ಹಡಗಿನ ಜಾಗ ಬಿಟ್ಟುಕೊಡು. ಫೋನು ಬಾರಿಸಲಿ ಬಿಡಲಿ, ನಾನು ನುಡಿಸುವವನೇ, ಇಲ್ಲಿಯೇ. ಆರ್ಗನ್ ಮಾರುವುದಕ್ಕಿಂತ ನೆಲ ಕುಟ್ಟುವುದು ನನಗೆ ಚೆನ್ನಾಗಿ ಬರುತ್ತದೆ. ಇದರ ಜೊತೆ ಒಂದು ರೆಕಾರ್ಡಿದೆ. ಮಂಗಳವಾರದ ಆ ಟೇಪಿನಿಂದ ಡೂಗಲ್ ಕದ್ದು ಮಾಡಿಕೊಟ್ಟದ್ದು. ಕವರಿನಲ್ಲಿ ಏನೂ ಬರೆದಿಲ್ಲ, ಕನ್ನಡಕ ಹುಡುಕಬೇಡ. ಮೊದಲಿನಿಂದಲೇ ಗಿಟಾರಿನ ಕೆಳಗೆ ಟಕ್ ಟಕ್ ಎಂದು ಕೇಳುತ್ತದೆ. ಗೀರು ಬಿದ್ದಿದೆ ಎಂದುಕೊಂಡು ಮುಳ್ಳು ಎತ್ತಿಬಿಟ್ಟೀಯ. ಎತ್ತಬೇಡ. ನಾನು ಅಲ್ಲಿದ್ದೇನೆ.