ನೀರಿನಲ್ಲಿ ಕಲ್ಲು ಕೊಯ್ಯುವ ಮಿಷನ್ನು

ಹಾಲಾಡಿ
೧೪ ನವೆಂಬರ್ ೨೦೨೪

ಪ್ರೀತಿಯ ಪ್ರಖ್ಯಾತನಿಗೆ ಕುಸುಮತ್ತಿಗೆಯ ಆಶೀರ್ವಾದ.

ನೀನು, ಸುಪ್ರೀತಾ ಸೌಖ್ಯ ತಾನೇ? ಸುಪ್ರೀತಾಳ ಬೆನ್ನುನೋವು ಹೇಗಿದೆ? ಪುಣೆಯ ಚಳಿಯಲ್ಲಿ ತಣ್ಣೀರು ಮೀಯುವುದು ಬೇಡ ಎಂದು ಹೇಳು. ಫೋನು ಬಿಟ್ಟು ಪತ್ರ ಯಾಕೆಂದರೆ, ಫೋನು ಮಾಡಿದರೆ ನಿನ್ನ ಅಣ್ಣ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತುಬಿಡುತ್ತಾರೆ. ಇದು ಅವರೆದುರು ಆಡುವ ಮಾತಲ್ಲ. ಪುಣೆಗೆ ಹೊರಟ ಪಕ್ಕದ ಮನೆಯ ಪಾಂಡುವಿನ ಕೈಯಲ್ಲಿ ಕೊಡುತ್ತಿದ್ದೇನೆ.

ವಿಷಯ ನೀನು ಕಳಿಸಿದ, ನೀರು ಚಿಮ್ಮಿಸಿ ಕೊಯ್ಯುವ ಆ ಮಿಷನ್ನಿನದ್ದು. ಕಲ್ಲಿನ ಧೂಳಿನಿಂದ ಶ್ವಾಸಕೋಶ ಹಾಳಾಗಿದೆ, ಇನ್ನು ಕಲ್ಲು ಕೊಯ್ಯುವ ಗ್ರೈಂಡರ್ ಮುಟ್ಟಿದರೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ನಿನ್ನ ಅಣ್ಣನಿಗೆ ಬೈದದ್ದಕ್ಕೆ ನೀನು ಕಳಿಸಿದ್ದು, ಒಪ್ಪುತ್ತೇನೆ. ಧೂಳಿಲ್ಲ, ಅದೂ ನಿಜ. ಆದರೆ ಮಾರಾಯ, ಇದನ್ನು ಸಾಕುವುದಕ್ಕಿಂತ ಎರಡು ಎಮ್ಮೆ ಸಾಕಬಹುದಿತ್ತು! ಮನೆಯ ಹೆಸರಿನ ಕಲ್ಲು ಗ್ರೈಂಡರಿನಲ್ಲಿ ಒಂದು ಗಂಟೆಯ ಕೆಲಸ. ಇದರಲ್ಲಿ ಬೆಳಿಗ್ಗೆ ಗಂಜಿ ಉಂಡು ಶುರು ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೂ ಎರಡಕ್ಷರ ಬಾಕಿ. ಆ ಕಲ್ಲು ಮಾಡಿಸಲು ಕೊಟ್ಟು ಗೃಹಪ್ರವೇಶದ ಅವಸರದಲ್ಲಿದ್ದ ಸೋಮ ಬಂದು ನೋಡಿ, "ಹ್ವಾಯ್ ಕಿಟ್ಟಣ್ಣ, ಇದ್ ಕಲ್ ಕೊಯ್ಯುದಾ, ಮೀಸುದಾ?" ಅಂದ. ಇವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಕರೆಂಟು ಒಂದು ಸಲ ಕಣ್ಣು ಮಿಟುಕಿಸಿದರೆ ಸಾಕು, ಮಿಷನ್ನು ನಿಂತಿತು. ನಮ್ಮ ಬಾವಿಯ ಕೆಂಪು ನೀರು ಅದಕ್ಕೆ ಆಗುವುದಿಲ್ಲವಂತೆ, ಸೋಸಿ ಕೊಡಬೇಕು. ನಾವು ಕುಡಿಯುವುದು ಅದನ್ನೇ! ಶೆಡ್ಡಿನ ಮುಂದೆ ಯಾವಾಗಲೂ ಕೆಸರು. ಎಲ್ಲಕ್ಕಿಂತ ಮೇಲೆ, ಆ ನೀರಿನ ಜೊತೆ ಚಿಮ್ಮಲಿಕ್ಕೆ ಗಾರ್ನೆಟ್ ಎಂಬ ಮರಳನ್ನು ತಮಿಳುನಾಡಿನಿಂದ ಮೂಟೆಗಟ್ಟಲೆ ತರಿಸಬೇಕು. ಒಮ್ಮೆ ಬಳಸಿದ್ದು ಮತ್ತೆ ಆಗದು. ಕಡಲಿರುವ ತಾಲೂಕಿನ ಜನ ನಾವು, ಮರಳನ್ನು ದುಡ್ಡು ಕೊಟ್ಟು ತರುವುದು!

ಆದರೂ ನಿನ್ನ ಅಣ್ಣ ಅದಕ್ಕೆ ಹೊಂದಿಕೊಂಡಿದ್ದರು. ತೆಳು ಟೈಲ್ಸಿನಲ್ಲಿ ಹೂಬಳ್ಳಿ ಕೊಯ್ದು ಕುಂಭಾಶಿಯ ಒಂದು ಹೋಟೆಲಿನ ನೆಲಕ್ಕೆ ಕೊಟ್ಟರು. ಅಷ್ಟು ಸಣ್ಣ ತಿರುವು ಗ್ರೈಂಡರಿನಲ್ಲಿ ಯಾರಿಂದಲೂ ಆಗದು. ಕೆಮ್ಮೂ ಇಳಿದಿತ್ತು. ಹೋದ ವಾರ ಮಿಷನ್ನಿನ ಬಾಯಿ ಕಟ್ಟಿ, ನಳಿಕೆ ಹಾಳಾಗಿ ನಿಂತುಹೋಯಿತು. ಎರಡು ದಿನ ಬಿಚ್ಚಿದರು, ಕಟ್ಟಿದರು, ಸೋತರು. "ಇದ್ ನಮ್ಮಂಥೋರಿಗ್ ಅಲ್ಲ ಮಾರಾಯ್ತಿ. ತಮ್ಮನಿಗ್ ಹೇಳ್ಬೇಡ, ಬೇಜಾರ್ ಆತ್ತ್" ಅಂದರು. ನಾಳೆಯಿಂದ ಹಳೆಯ ಗ್ರೈಂಡರೇ ಅಂತೆ. ಮೂಗಿಗೆ ಹೆಗಲ ಮೇಲಿನ ಬೈರಾಸು ಕಟ್ಟಿಕೊಂಡರೆ ಸಾಕಂತೆ! ಡಾಕ್ಟರಿಗಿಂತ ಇವರ ಬೈರಾಸು ದೊಡ್ಡದು. ನಾನು ಹೇಳಿದ್ದೆಲ್ಲ ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ. ನನಗೆ ಹೆದರಿಕೆ ಆಗುತ್ತದೆ, ಪ್ರಖ್ಯಾತ.

ಆನೆಗುಡ್ಡೆ ಗಣಪತಿ ನಿಮ್ಮಿಬ್ಬರನ್ನು ಚೆನ್ನಾಗಿಟ್ಟಿರಲಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ಅತ್ತಿಗೆ,
ಕುಸುಮಾವತಿ

ತಾ.ಕ.: ಮಿಷನ್ನಿನ ತಪ್ಪಿಲ್ಲ. ಗಾರ್ನೆಟ್ ಮುಗಿಯುತ್ತ ಬಂದಿತ್ತು, ಹೊಸ ಮೂಟೆ ಬರಲು ವಾರ ಇತ್ತು. ಕೋಡಿಯಿಂದ ಕಡಲ ಮರಳು ತಂದು, ಮೂರು ನೀರಿನಲ್ಲಿ ಉಪ್ಪು ತೊಳೆದು, ರವೆ ಜರಡಿಯಲ್ಲಿ ಜರಡಿ ಹಿಡಿದು, ಇವರು ಶಂಕರನಾರಾಯಣಕ್ಕೆ ಹೋದಾಗ ಇದ್ದ ಗಾರ್ನೆಟ್ಟಿಗೆ ಬೆರೆಸಿ ತುಂಬಿಸಿದ್ದು ನಾನೇ. ಮರಳು ಪೂರ್ತಿ ಒಣಗಿರಲೂ ಇಲ್ಲ, ಬಾಯಿ ಕಟ್ಟಿದ್ದು ಅದರಿಂದಲೇ. ಒಂದು ಹೊಸ ನಳಿಕೆ ಕಳಿಸು. ಅದು ಬಂದ ಮೇಲೆ ಇವರಿಗೆ ಹೇಳುವ ಎಂದಿದ್ದೆ. ಈಗ ಶೆಡ್ಡಿನಿಂದ ಗ್ರೈಂಡರಿನ ಸದ್ದು ಬರುತ್ತಿದೆ, ನಾಳೆ ಎಂದವರು ಇವತ್ತೇ ಶುರು ಮಾಡಿದ್ದಾರೆ. ಹೇಳಿಯೇ ಬಿಡುತ್ತೇನೆ. ಬೈದರೆ ಬೈಯಲಿ. ಹೋದೆ.