ಒಂದು ಹನಿಯೂ ಉಳಿಸದವಳು

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿಯ ಬೆಂಚು
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೆ? ರಕ್ತ ಏರಿಸುವುದು ಮುಗಿಯಿತೇ? ಹೊಲಿಗೆ ಇನ್ನೂ ಎಳೆಯುತ್ತಿದೆಯೇ? ನಿನ್ನ ಆಸ್ಪತ್ರೆಯ ಊಟಕ್ಕೆ ಉಪ್ಪಿಲ್ಲ, ಗೊತ್ತು. ಆದರೂ ಮೂಗು ಮುರಿಯದೆ ತಿನ್ನು. ಅಡುಗೆಯವನ ಹೆಂಡತಿ ಎಂಬ ಜಂಬವನ್ನು ಮನೆಗೆ ಬಂದ ಮೇಲೆ ತೋರಿಸುವೆಯಂತೆ. ಫೋನು ಮಾಡಬಹುದಿತ್ತು. ಆದರೆ ‘ಹಲೋ’ ಎನ್ನುವಷ್ಟರಲ್ಲಿ ನೀನು ಅಳುತ್ತೀಯೆ, ನಾನೂ ಅಳುತ್ತೇನೆ, ಸುದ್ದಿ ಅಲ್ಲೇ ಉಳಿಯುತ್ತದೆ. ನಿನ್ನ ಅಕ್ಕ ಮಗುವನ್ನು ನೋಡಲು ಬಂದಿದ್ದಾಳೆ. ಖಾಲಿ ಬಾಟಲಿಗಳ ಜೊತೆ ಈ ಕಾಗದವನ್ನೂ ಐಸಿನ ಡಬ್ಬಿಯಲ್ಲಿಟ್ಟು ಅವಳ ಕೈಲಿ ಕಳಿಸುತ್ತಿದ್ದೇನೆ.

ಬೆಳಿಗ್ಗೆ ಹಾಲು ಒಯ್ಯಲು ಬಂದಾಗ ನೀನು ಮಲಗಿದ್ದೆ. ಅಕ್ಕ ನನ್ನನ್ನು ಬಾಗಿಲಾಚೆ ಕರೆದು ಹೇಳಿದಳು, “ಹಾಲು ಹಿಂಡೋದು ಇವತ್ತೇ ಕೊನೆ ಅಂತಿದ್ದಾಳಪ್ಪ. ಬಾಟಲಿ ತಳಾನೂ ಮುಚ್ಚಲ್ಲ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಡಬ್ಬಿ ಹಾಲೇ ಕೊಡ್ಲಿ ಅಂತ ಅತ್ತಳು.” ಬಸ್ಸಿನಲ್ಲಿ ಪಕ್ಕದವರು “ಡಬ್ಬೀಲಿ ಏನು, ಮೀನಾ?” ಎಂದರು. “ನನ್ನ ಮಗಳ ಊಟ, ನಾಳೆ ಸಿಗುತ್ತೋ ಇಲ್ವೋ” ಎಂದು ಗುಡುಗಿದೆ. ಪಾಪ, ಎದ್ದು ಬೇರೆ ಸೀಟಿಗೆ ಹೋದರು.

ಅಲ್ಲ ಕಣೇ, ಆನೆ ಎಲ್ಲಿದೆ? ನಮ್ಮ ಸಾಸಿವೆಯ ಹೊಟ್ಟೆ ನೆಲ್ಲಿಕಾಯಿಗಿಂತ ದೊಡ್ಡದಿಲ್ಲ! ಡಾಕ್ಟರಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ, “ದಿನ ತುಂಬದೆ ಹುಟ್ಟಿದ ಮಗು, ಕರುಳು ಇನ್ನೂ ಎಳೇದು. ಅದಕ್ಕೆ ಅಮ್ಮನ ಹಾಲು ಊಟಾನೂ ಹೌದು, ಔಷಧೀನೂ ಹೌದು. ನಾಲ್ಕು ಹನಿ ಬಂದ್ರೂ ತನ್ನಿ.” ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕಾರ್ಖಾನೆಯ ಅಷ್ಟು ಜನಕ್ಕೆ ಬೇಯಿಸಿ ಹಾಕುವವನಲ್ಲವೇ, “ತರಕಾರಿ ಬೇಯಿಸಿದ ನೀರು ಒಂಚೂರು ಬೆರೆಸಿದ್ರೆ ಶಕ್ತಿ ಬರಲ್ವಾ?” ಎಂದುಬಿಟ್ಟೆ. ನರ್ಸಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು. “ನಿಮ್ಮ ಸೌಟು ಕ್ಯಾಂಟೀನಲ್ಲೇ ಇರ್ಲಿ ಸ್ವಾಮಿ. ಅದಕ್ಕೆಲ್ಲ ಇನ್ನೂ ಎಷ್ಟೋ ತಿಂಗಳಿದೆ. ಅದನ್ನೂ ಹುಟ್ಟಿದ ದಿನದಿಂದ ಎಣಿಸ್ಬೇಡಿ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ. ಈಗ ಹಾಲಿಗೆ ಏನಾದ್ರೂ ಬೆರೆಸ್ಬೇಕಿದ್ರೆ ನಾವೇ ಬೆರೆಸ್ತೀವಿ.” ಇಷ್ಟು ವರ್ಷದಲ್ಲಿ ನನ್ನ ಅಡುಗೆಗೆ ಯಾರೂ ಹೀಗೆ ಮಂಗಳಾರತಿ ಮಾಡಿರಲಿಲ್ಲ.

ಈಗ ಸುದ್ದಿ ಕೇಳು. ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಕಡೆ ನಿಂತು, ಯಾರು ಏನು ಬಿಟ್ಟಿದ್ದಾರೆ ಎಂದು ನೋಡುವ ಚಾಳಿ ನನ್ನದು. ಇಲ್ಲಿಯೂ ಹಾಗೆಯೇ. ಹೊಟ್ಟೆಗಿಳಿಸಿದ ನಳಿಕೆಯಲ್ಲಿ ಹಾಲು ಬಿಡುವ ಮುಂಚೆ ನರ್ಸಮ್ಮ ಸಿರಿಂಜಿನಿಂದ ಮೆಲ್ಲಗೆ ಎಳೆದು, ಹಿಂದಿನದು ಹೊಟ್ಟೆಯಲ್ಲಿ ಉಳಿದಿದೆಯೇ ಎಂದು ನೋಡುತ್ತಾಳೆ. ಹೋದ ವಾರ ಕುಡಿಸಿದ್ದೆಲ್ಲ ಹಾಗೇ ಉಳಿದಿತ್ತು, ಹಾಲು ನಿಲ್ಲಿಸಿದ್ದರು. ಅವತ್ತು ನನಗೂ ಅನ್ನ ಇಳಿಯಲಿಲ್ಲ. ಇವತ್ತು ಎಳೆದರೆ ಒಂದು ಹನಿಯೂ ಇಲ್ಲ! ನಮ್ಮ ಹುಡುಗಿ ತಟ್ಟೆ ನೆಕ್ಕಿಬಿಟ್ಟಿದ್ದಾಳೆ! ನಾನು “ಶಭಾಷ್!” ಎಂದು ಕೂಗಿ ಇಡೀ ವಾರ್ಡಿನಿಂದ ಉಗಿಸಿಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ನೀನು ಎದೆಗಿಟ್ಟುಕೊಂಡು ಮಲಗಿದ್ದ ಬಟ್ಟೆಯನ್ನು ಅವಳ ಕೆನ್ನೆಯ ಹತ್ತಿರ ಇಟ್ಟರು. ತಕ್ಷಣ ವಾಸನೆ ಹಿಡಿದು ಅದರತ್ತಲೇ ಮುಖ ತಿರುಗಿಸಿದಳು! ಹತ್ತಿಯಲ್ಲಿ ನಿನ್ನ ಹಾಲು ಅದ್ದಿ ತುಟಿಗೆ ಸವರಿದರೆ ನಾಲಿಗೆ ಚಾಚಿ ಚಪ್ಪರಿಸಿದಳು. ಆಮೇಲೆ ಬೆಚ್ಚಗಿರಲೆಂದು ನನ್ನ ಅಂಗಿ ಬಿಚ್ಚಿಸಿ ಎದೆಯ ಮೇಲೆ ಮಲಗಿಸಿದರು. ಅಯ್ಯೋ, ಈ ಹುಚ್ಚಿ ನನ್ನ ಎದೆಯಲ್ಲೇ ಹಾಲು ಹುಡುಕತೊಡಗಿದಳು! ಸಿಗಲಿಲ್ಲವೆಂದು ಬಂದ ಸಿಟ್ಟು ನೋಡಬೇಕಿತ್ತು, ಥೇಟ್ ನಿನ್ನದೇ. “ಅವಳಿಗೆ ಬೇಕಾದೋರು ನೀವಲ್ಲ ಬಿಡಿ” ಎಂದು ನರ್ಸಮ್ಮ ನಕ್ಕಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷಕ್ಕೆ ಅಳುವೂ ಬಂತು.

ಆದ್ದರಿಂದ ನಿಲ್ಲಿಸಬೇಡ, ನಿನಗೆ ಕೈ ಮುಗಿಯುತ್ತೇನೆ. ದಿನ ತುಂಬುವ ತನಕ ಹೊರಲಾಗಲಿಲ್ಲ ಎಂದು ಕೊರಗುತ್ತೀಯಲ್ಲ, ಉಳಿದ ದಿನಗಳನ್ನು ನೀನು ಬಾಟಲಿಯಲ್ಲಿ ಕಳಿಸುತ್ತಿದ್ದೀಯೆ, ಅಷ್ಟೇ. ತಳ ಮುಚ್ಚದಿದ್ದರೆ ಮುಚ್ಚದೇ ಇರಲಿ. ಇವತ್ತು ರಾತ್ರಿಯೂ ಹಿಂಡು. ಬೆನ್ನಿಗೆ ದಿಂಬು ಇಟ್ಟುಕೋ, ಅಕ್ಕನನ್ನು ಬೈಯಬೇಡ. ಅವಳು ಚಾಡಿ ಹೇಳಿದ್ದು ಒಳ್ಳೆಯದಕ್ಕೇ. ನಿಮ್ಮಿಬ್ಬರಿಗೂ ನನ್ನ ಮತ್ತು ಸಾಸಿವೆಯ ನೆನಪುಗಳು.

ಇಂತಿ ನಿನ್ನ,
ಸೌಟು ಕಸಿದುಕೊಳ್ಳಲ್ಪಟ್ಟ ಅಡುಗೆಯವನು

ತಾ.ಕ.: ಇದನ್ನು ಮೇಲೆಯೇ ಬರೆದಿದ್ದರೆ ನೀನು ಉಳಿದದ್ದನ್ನು ಓದುತ್ತಲೇ ಇರಲಿಲ್ಲ. ನಾನು ಬರೆಯಲು ಕೂರುವ ಮುಂಚೆಯೇ ಎರಡೂ ಆಸ್ಪತ್ರೆಯ ಡಾಕ್ಟರರು ಮಾತಾಡಿಕೊಂಡರು. ಅವಳನ್ನು ಎದೆಗೆ ಹಚ್ಚಿ ನೋಡಬಹುದಂತೆ, ನೀನೂ ಕೂತು ಪ್ರಯಾಣ ಮಾಡಬಹುದಂತೆ. ನಾಳೆ ಬೆಳಿಗ್ಗೆ ಆಂಬುಲೆನ್ಸ್ ಬರುತ್ತದೆ. ಹಾಲು ಒಯ್ಯಲು ನಾನು ಬರುವುದಿಲ್ಲ ಗುಬ್ಬೀ. ನೀನೇ ತೆಗೆದುಕೊಂಡು ಬಾ.